ಕುದುರೆಯ ಲೆಕ್ಕ, ಎತ್ತಿನ ಎಳೆತ: ಒಂದು ಮೋಟಾರು ತೆರಿಗೆಯ ಚರಿತ್ರೆ

ಪುಣೆಯಿಂದ ಸಾತಾರೆಯ ಮಾರ್ಗವಾಗಿ ಬೆಳಗಾವಿ, ಧಾರವಾಡಗಳಿಗೆ ಹೋಗಿಬರುವ ನಮ್ಮವರಿಗೆ ಖಂಬಾಟಕಿ ಘಾಟು ಹೊಸತಲ್ಲ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆಂದು ಊರಿಗೆ ಹೊರಟಾಗ ಆ ಏರಿನಲ್ಲಿ ನನಗೊಂದು ಮುಖಭಂಗವಾಯಿತು. ಸಾಲ ಮಾಡಿ ಕೊಂಡ ಚಿಕ್ಕ ಕಾರು. ಒಳಗೆ ಐದು ಜನ, ಹಿಂದೆ ಸಾಮಾನು, ಸಾಲದ್ದಕ್ಕೆ ಏಸಿ ಬೇರೆ ನಡೆದಿತ್ತು. ಮುಂದಿನ ಲಾರಿ ನಿಧಾನವಾಯಿತೆಂದು ನಾನೂ ನಿಧಾನಿಸಿದೆ. ದಾರಿ ತೆರವಾದ ಮೇಲೆ ಮೂರನೆಯ ಗೇರಿನಲ್ಲಿಯೇ ಎಕ್ಸಿಲರೇಟರನ್ನು ಒತ್ತಿದರೆ ಗಾಡಿ ನಡುಗಿತೇ ಹೊರತು ಮೇಲೇರಲಿಲ್ಲ, ನೋಡನೋಡುತ್ತ ನಿಂತೇಹೋಯಿತು. ಹಿಂದಿನಿಂದ ಹಾರ್ನುಗಳ ಸುರಿಮಳೆ. ಕೊನೆಗೆ ಮೊದಲನೆಯ ಗೇರು ಹಾಕಿ, ಎಂಜಿನ್ನನ್ನು ಅರಚಿಸಿ ಹೇಗೋ ಏರು ಮುಗಿಸಿದೆ. ಅಷ್ಟರಲ್ಲಿ ಆ ಹಳೆಯ ಲಾರಿ ಯಾವ ಅವಸರವೂ ಇಲ್ಲದೆ ಗುರುಗುಟ್ಟುತ್ತ ಘಾಟಿನ ತಲೆ ಮುಟ್ಟಿತ್ತು.

ಪಕ್ಕದಲ್ಲಿ ಕುಳಿತವರು ನನ್ನ ಸೋದರಮಾವ. ಅರಬೈಲ ಘಾಟು ಇಳಿದೇರುತ್ತ ಧಾರವಾಡ-ಕಾರವಾರದ ದಾರಿಯಲ್ಲಿ ಬಹು ವರ್ಷ ಬಾಡಿಗೆಯ ಅಂಬಾಸಿಡರ್ ಓಡಿಸಿದವರು. ನಾನು ನಾಚಿಕೆಯಿಂದ, "ಮಾಮಾ, ನಿಮ್ಮ ಅಂಬಾಸಿಡರಿಗಿಂತ ಇದಕ್ಕೆ ಅಶ್ವಶಕ್ತಿ ಹೆಚ್ಚು" ಎಂದೆ. ಅವರು ನಕ್ಕು, "ಕುದರಿ ಎಷ್ಟ ಇದ್ರೇನಪಾ ತಮ್ಮಾ? ಏರಿನ್ಯಾಗ ಎಳಿಯೂ ಎತ್ತ ಬೇಕು" ಎಂದರು.

ಆ ಒಂದು ಮಾತು ನನ್ನ ತಲೆ ಕೊರೆಯಲಾರಂಭಿಸಿತು. ನಾನು ಎಂಜಿನಿಯರನಲ್ಲ, ವಾಣಿಜ್ಯ ಪದವಿ ಪಡೆದ ಬ್ಯಾಂಕಿನ ಗುಮಾಸ್ತ. ಪುಣೆಯ ಮೋಟಾರು ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಸಂಘದ ಬಂಧುಗಳಿಗೆ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತು, ಅವರು ಕ್ಷಮಿಸಬೇಕು. ಆದರೆ ಮಾವನ ಮಾತಿನ ಜಾಡು ಹಿಡಿದು ಹೋದಾಗ ನನಗೆ ಸಿಕ್ಕಿದ್ದು ಒಂದು ತೆರಿಗೆಯ ಕಥೆ. ತೆರಿಗೆಯೆಂದ ಮೇಲೆ ಅದು ನಮ್ಮಂಥವರ ಮನೆಯ ಮಾತೇ ಆಯಿತು. ಆ ಧೈರ್ಯದಿಂದ ಈ ಲೇಖನ.

ಎರಡು ಅಳತೆಗಳು

ಎಂಜಿನ್ನಿನ ಸಾಮರ್ಥ್ಯಕ್ಕೆ ಎರಡು ಅಳತೆಗಳುಂಟು. ಮೊದಲನೆಯದು ಎಲ್ಲರೂ ಬಲ್ಲ ಅಶ್ವಶಕ್ತಿ. 18ನೆಯ ಶತಮಾನದ ಕೊನೆಗೆ ಜೇಮ್ಸ್ ವಾಟ್ ತನ್ನ ಉಗಿಯಂತ್ರಗಳನ್ನು ಮಾರಲು ಹೊರಟಾಗ ಕೊಳ್ಳುವವರು ಕುದುರೆಗಳಿಂದ ಕೆಲಸ ತೆಗೆಯುತ್ತಿದ್ದ ಜನ. ಅವರಿಗೆ ತಿಳಿಯುವಂತೆ ಅವನು ಒಂದು ಲೆಕ್ಕ ಹೂಡಿದನು: ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವಷ್ಟು ಕೆಲಸ ಒಂದು ಅಶ್ವಶಕ್ತಿ. ಇದು ಒಂದು ಕಾಲಾವಧಿಯಲ್ಲಿ ಆಗುವ ಒಟ್ಟು ಕೆಲಸದ ಅಳತೆ.

ಎರಡನೆಯದು ಟಾರ್ಕ್. ಇದನ್ನು ತಿರುಗುಬಲವೆನ್ನೋಣ, ಚಾಲಕರ ಮಾತಿನಲ್ಲಿ ಇದೇ "ಎಳೆತ". ಒಂದು ಅಡಿ ಉದ್ದದ ಪಾನಾ ಹಿಡಿದು ಬಿಗಿದ ನಟ್ಟನ್ನು ತಿರುಗಿಸುವಾಗ ತುದಿಯ ಮೇಲೆ ಎಷ್ಟು ಭಾರ ಹಾಕುತ್ತೇವೆಯೋ ಅದೇ ತಿರುಗುಬಲ. ಎಂಜಿನ್ನಿನ ದಂಡವನ್ನು ತಿರುಗಿಸುವ ಬಲವೂ ಇಂಥದೇ.

ಇವೆರಡರ ಸಂಬಂಧವನ್ನು ನಮ್ಮ ಕೌಂಟರಿನ ಭಾಷೆಯಲ್ಲಿ ಹೇಳುವೆನು. ಒಬ್ಬ ಗುಮಾಸ್ತನು ದಿನಕ್ಕೆ ಹತ್ತು ಗಿರಾಕಿಗಳಿಂದ ತಲಾ 10,000 ರೂಪಾಯಿ ಕಟ್ಟಿಸಿಕೊಳ್ಳುತ್ತಾನೆ. ಇನ್ನೊಬ್ಬನು ನೂರು ಗಿರಾಕಿಗಳಿಂದ ತಲಾ 1,000 ಕಟ್ಟಿಸಿಕೊಳ್ಳುತ್ತಾನೆ. ಸಂಜೆಗೆ ಇಬ್ಬರ ಮೊತ್ತವೂ ಒಂದೇ, ಒಂದು ಲಕ್ಷ. ಈ ಮೊತ್ತವೇ ಅಶ್ವಶಕ್ತಿ. ಒಂದೊಂದು ವ್ಯವಹಾರದ ಹಣವೇ ತಿರುಗುಬಲ. ಗಿರಾಕಿಗಳ ಸಂಖ್ಯೆಯೇ ಎಂಜಿನ್ನಿನ ಸುತ್ತು. ಆದರೆ ಮಳೆ ಹಿಡಿದು ಎಂಟೇ ಗಿರಾಕಿಗಳು ಬಂದ ದಿನ ಏನಾಗುತ್ತದೆ? ಮೊದಲಿನವನು 80,000 ಕೂಡಿಸಿರುತ್ತಾನೆ, ಎರಡನೆಯವನು 8,000. ಮೊತ್ತ ಮಾತ್ರ ನೋಡಿ ಇಬ್ಬರೂ ಸಮ ಎಂದವರಿಗೆ ಅಂದು ವ್ಯತ್ಯಾಸ ತಿಳಿಯುತ್ತದೆ.

ಘಾಟಿನಲ್ಲಿ ನನಗಾದದ್ದು ಇದೇ. ನನ್ನ ಕಾರು ಎರಡನೆಯ ಗುಮಾಸ್ತ. ಎಂಜಿನ್ ನಿಮಿಷಕ್ಕೆ ನಾಲ್ಕಾರು ಸಾವಿರ ಸುತ್ತು ತಿರುಗಿದಾಗ ಅದರ ಕುದುರೆಗಳೆಲ್ಲ ಎಚ್ಚರವಾಗುತ್ತವೆ. ನಾನು ಅದನ್ನು ಸಾವಿರದ ಆಸುಪಾಸಿಗೆ ಇಳಿಸಿ ಏರು ಹತ್ತೆಂದೆ. ಕೆಳಗಿನ ಗೇರು ಮಾಡುವುದೂ ಇಷ್ಟೇ: ಚಕ್ರದ ವೇಗವನ್ನು ತಗ್ಗಿಸಿ ಎಳೆತವನ್ನು ಹೆಚ್ಚಿಸುತ್ತದೆ, ಜೊತೆಗೆ ಎಂಜಿನ್ನಿಗೆ ಹೆಚ್ಚು ಸುತ್ತು ತಿರುಗಲು ಅವಕಾಶ ಕೊಡುತ್ತದೆ. ಏರು ಬರುವ ಮೊದಲೇ ಗೇರು ಇಳಿಸದಿದ್ದುದು ನನ್ನ ತಪ್ಪು. ಕಡಿಮೆ ಸುತ್ತಿನಲ್ಲಿಯೇ ಬಲವುಳ್ಳ ಎಂಜಿನ್ನಾಗಿದ್ದರೆ ಆ ತಪ್ಪನ್ನು ಅದು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಪೇಟೆಯ ಗದ್ದಲದಲ್ಲಿ, ಹೊರೆ ಹೊತ್ತಾಗ, ಮುಂದಿನ ಗಾಡಿಯನ್ನು ದಾಟುವಾಗ, ಗೇರಿನ ಕೋಲನ್ನು ಮೇಲಿಂದ ಮೇಲೆ ಎಳೆದಾಡದೆ ಸಾಗುವ ಸುಖವೆಲ್ಲ ಇದರಿಂದಲೇ ಬರುವಂಥದು.

ಎಳೆತವೇ ಹಿರಿಮೆಯಾಗಿದ್ದ ಕಾಲ

ಮೋಟಾರಿನ ಮೊದಲ ದಿನಗಳಲ್ಲಿ ಈ ಗುಣಕ್ಕೆ ಇಂದಿಗಿಂತ ಹೆಚ್ಚಿನ ಬೆಲೆಯಿತ್ತು. ಆಗಿನ ಗೇರುಪೆಟ್ಟಿಗೆಗಳು ಬಹಳ ಒರಟು. ಎರಡು ಹಲ್ಲುಗಾಲಿಗಳ ವೇಗ ಹೊಂದದೆ ಗೇರು ಹಾಕಿದರೆ ಕರಕರ ಶಬ್ದವಾಗಿ ಹಲ್ಲು ಮುರಿಯುವ ಭಯ. ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೋಮೆಶ್ ಏರ್ಪಾಡು ಕ್ಯಾಡಿಲಾಕ್ ಗಾಡಿಯಲ್ಲಿ ಬಂದದ್ದು 1928ರಲ್ಲಿ. ಅಲ್ಲಿಯವರೆಗೆ ಗೇರು ಬದಲಿಸದೆ ಓಡಿಸಬಹುದಾದ ಗಾಡಿಯೇ ಒಳ್ಳೆಯ ಗಾಡಿ. 1911ರಲ್ಲಿ ರೋಲ್ಸ್-ರಾಯ್ಸ್ ಕಂಪನಿಯವರು ತಮ್ಮ ಸಿಲ್ವರ್ ಘೋಸ್ಟ್ ಕಾರನ್ನು ಲಂಡನ್ನಿನಿಂದ ಎಡಿನ್‌ಬರೋಗೆ ಹೋಗಿ ಮರಳುವವರೆಗೆ ಮೇಲಿನ ಗೇರಿನಲ್ಲಿಯೇ ಓಡಿಸಿ ತೋರಿಸಿದರು. ಏಳು ಲೀಟರಿಗೂ ಮಿಕ್ಕಿದ ದೊಡ್ಡ ಎಂಜಿನ್ನಿಗೆ ಅದು ಸಾಧ್ಯವಾಯಿತು.

ಸಿರಿವಂತರ ಮಾತು ಬಿಡೋಣ. ಜನಸಾಮಾನ್ಯರ ಗಾಡಿಯೆನಿಸಿದ ಹೆನ್ರಿ ಫೋರ್ಡರ ಟಿ ಮಾದರಿಯನ್ನು ನೋಡೋಣ. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಗಾಡಿಗಳು ತಯಾರಾದುವು. ಅದರ ಎಂಜಿನ್ 2.9 ಲೀಟರಿನದು, ಅಶ್ವಶಕ್ತಿ ಕೇವಲ 20, ಅದೂ ನಿಮಿಷಕ್ಕೆ 1,600 ಸುತ್ತಿನಲ್ಲಿ. ಇಂದಿನ ಪುಟ್ಟ ಕಾರಿನ ಮುಂದೆ ಈ ಅಂಕಿ ನಗೆಗೀಡು. ಆದರೆ ಅದರ ತಿರುಗುಬಲ 83 ಅಡಿ-ಪೌಂಡು, ಬರಿಯ 900 ಸುತ್ತಿನಲ್ಲಿ. ಒಂದು ಅಡಿಯ ಪಾನಾದ ತುದಿಗೆ ಸುಮಾರು 38 ಕಿಲೋ ಭಾರ ತೂಗಹಾಕಿದಷ್ಟು ಬಲ. ತಿರುಗುಬಲವನ್ನು ಸುತ್ತಿನಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. ಹಾಗೆ ಮಾಡಿ ನೋಡಿದರೆ 900 ಸುತ್ತಿನಲ್ಲಿಯೇ ಆ ಗಾಡಿಯ 20 ಕುದುರೆಗಳಲ್ಲಿ 14 ನೊಗಕ್ಕೆ ಹೆಗಲು ಕೊಟ್ಟಿರುತ್ತಿದ್ದುವು. ಆದುದರಿಂದಲೇ ಮುಂದಕ್ಕೆ ಎರಡೇ ಗೇರುಗಳಿದ್ದರೂ ಅದು ಅಮೆರಿಕದ ಹಳ್ಳಿಗಾಡಿನ ಕೆಸರಿನಲ್ಲಿ ನಡೆಯಬಲ್ಲದಾಗಿತ್ತು.

ಇಂಥ ಗಾಡಿಯನ್ನು ಒಂದು ತೆರಿಗೆ ಹೇಗೆ ನೆಲಕ್ಕೆ ಕೆಡವಿತೆಂಬುದೇ ಮುಂದಿನ ಕಥೆ.

ಅಡ್ಡಳತೆಯ ಮೇಲೆ ಸುಂಕ

ಇಂಗ್ಲೆಂಡಿನ ಸರ್ಕಾರ 1910ರ ಸುಮಾರಿಗೆ ಮೋಟಾರುಗಳ ಮೇಲೆ ಅಶ್ವಶಕ್ತಿಗನುಸಾರ ತೆರಿಗೆ ಹಾಕಲು ನಿರ್ಧರಿಸಿತು. ಪ್ರತಿಯೊಂದು ಎಂಜಿನ್ನನ್ನೂ ಬಿಚ್ಚಿ, ಓಡಿಸಿ, ಅಳೆಯುವುದು ಆಗದ ಮಾತು. ಆದುದರಿಂದ ಅಲ್ಲಿಯ ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಸುಲಭ ಸೂತ್ರವನ್ನು ಅಂಗೀಕರಿಸಿತು. ಸಿಲಿಂಡರಿನ ವ್ಯಾಸವನ್ನು ಅಂಗುಲಗಳಲ್ಲಿ ತೆಗೆದುಕೊಂಡು ಅದರ ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಬೇಕು. ಬಂದದ್ದೇ ತೆರಿಗೆಯ ಅಶ್ವಶಕ್ತಿ.

ವಾಚಕರು ಗಮನಿಸಿರಬಹುದು. ಇಲ್ಲಿ ಸಿಲಿಂಡರಿನ ಅಗಲವುಂಟು, ಆದರೆ ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರವಿಲ್ಲ. ಕೊಡದ ಬಾಯಿ ಅಳೆದು ನೀರೆಷ್ಟು ಹಿಡಿಯುತ್ತದೆಂದು ಹೇಳಿದಂತಾಯಿತಲ್ಲ ಎನ್ನಬಹುದು. ಹಾಗೆಂದು ಸೂತ್ರ ಮಾಡಿದವರು ದಡ್ಡರಲ್ಲ. ಅಂದಿನ ಪಿಸ್ಟನ್ನುಗಳು ನಿಮಿಷಕ್ಕೆ 1,000 ಅಡಿ ಓಡುತ್ತವೆಂದು ಅವರು ಹಿಡಿದರು. ವೇಗ ಹೀಗೆ ಗೊತ್ತಾದ ಮೇಲೆ, ಓಟ ಉದ್ದವಾದಷ್ಟೂ ಸುತ್ತು ಕಡಿಮೆಯಾಗುತ್ತದೆ. ಒಂದು ಹೆಚ್ಚಿದಂತೆ ಇನ್ನೊಂದು ತಗ್ಗಿ ಲೆಕ್ಕದಲ್ಲಿ ವಜಾ ಆಗುತ್ತದೆ. ಅಂದಿನ ಮಟ್ಟಿಗೆ ಇದು ನ್ಯಾಯವಾದ ಲೆಕ್ಕವೇ.

ಆದರೆ ಎಂಜಿನ್ನುಗಳು ಬೆಳೆದುವು, ಸೂತ್ರ ಬೆಳೆಯಲಿಲ್ಲ. ಹಗುರ ಪಿಸ್ಟನ್ನು, ಒಳ್ಳೆಯ ಉಕ್ಕು, ಒಳ್ಳೆಯ ಎಣ್ಣೆ ಬಂದು ವೇಗ ಇಮ್ಮಡಿ, ಇಮ್ಮಡಿಗೂ ಮಿಗಿಲಾಯಿತು. ತೆರಿಗೆಯ ಕುದುರೆಗೂ ನಿಜವಾದ ಕುದುರೆಗೂ ಸಂಬಂಧ ಕಡಿಯಿತು. 1923ರಲ್ಲಿ ಬಂದ ಆಲ್ವಿಸ್ ಕಂಪನಿಯ ಒಂದು ಗಾಡಿಯ ಹೆಸರೇ "12/50". ತೆರಿಗೆಗೆ ಹನ್ನೆರಡು ಕುದುರೆ, ರಸ್ತೆಗೆ ಐವತ್ತು! ಇದನ್ನು ಮುಚ್ಚಿಡುವ ಬದಲು ಗಾಡಿಯ ಹಣೆಯ ಮೇಲೆಯೇ ಬರೆದು ಮಾರಿದರು.

ಇಷ್ಟರಲ್ಲಿ 1921ರ ಜನವರಿ 1ರಿಂದ ತೆರಿಗೆಯ ದರವೂ ಬಿಗಿಯಾಯಿತು. ಕುದುರೆಯೊಂದಕ್ಕೆ ವರ್ಷಕ್ಕೆ ಒಂದು ಪೌಂಡು. ಭಿನ್ನಾಂಕ ಬಂದರೆ ಮುಂದಿನ ಪೂರ್ಣಾಂಕ. ಫೋರ್ಡರ ಟಿ ಗಾಡಿಯ ಸಿಲಿಂಡರಿನ ವ್ಯಾಸ ಮೂರೂಮುಕ್ಕಾಲು ಅಂಗುಲ. ಲೆಕ್ಕ ಹಾಕಿದರೆ 22½ ಕುದುರೆ. ಕೊಡಬೇಕಾದದ್ದು 23 ಪೌಂಡು. ನಿಜವಾಗಿ ಅದರ ಬಲ 20 ಕುದುರೆ. ಇಲ್ಲದ ಕುದುರೆಗೂ ಸುಂಕ! ಅದೇ ವಿಲಿಯಂ ಮಾರಿಸರ ಕೌಲಿ ಗಾಡಿಗೆ ಸಿಲಿಂಡರಿನ ವ್ಯಾಸ 69.5 ಮಿಲಿಮೀಟರು, ಪಿಸ್ಟನ್ನಿನ ಓಟ 102. ತೆರಿಗೆ 12 ಪೌಂಡು. ಗಾಡಿಯನ್ನು ಒಮ್ಮೆ ಕೊಳ್ಳಬಹುದು, ತೆರಿಗೆಯನ್ನು ವರ್ಷವರ್ಷವೂ ಕಟ್ಟಬೇಕಲ್ಲ! 1920ರ ದಶಕದ ನಡುವಿನ ಹೊತ್ತಿಗೆ ಇಂಗ್ಲೆಂಡಿನ ಪೇಟೆಯಲ್ಲಿ ಮಾರಿಸರು ಫೋರ್ಡರನ್ನು ಹಿಂದೆ ಹಾಕಿದರು. ಇದಕ್ಕೆ ತೆರಿಗೆಯೊಂದೇ ಕಾರಣವಲ್ಲವಾದರೂ ದೊಡ್ಡ ಕಾರಣವೆಂಬುದರಲ್ಲಿ ಸಂಶಯವಿಲ್ಲ.

ಸ್ವದೇಶದವರೂ ಪೆಟ್ಟು ತಿಂದರು. ಹರ್ಬರ್ಟ್ ಆಸ್ಟಿನ್ನರು ಯುದ್ಧದ ತರುವಾಯ ಆಸ್ಟಿನ್ ಟ್ವೆಂಟಿ ಎಂಬ ದೊಡ್ಡ ಕಾರೊಂದನ್ನೇ ನಂಬಿ ಕುಳಿತಿದ್ದರು. ಅದಕ್ಕೂ 23 ಪೌಂಡು ಬಿತ್ತು. 1921ರಲ್ಲಿ ಕಂಪನಿ ರಿಸೀವರರ ಕೈಗೆ ಹೋಯಿತು. ಮರುವರ್ಷವೇ ಆಸ್ಟಿನ್ನರು ಮಗುವಿನಂಥ ಆಸ್ಟಿನ್ ಸೆವೆನ್ ಗಾಡಿಯನ್ನು ಹೊರತಂದು ಮತ್ತೆ ತಲೆಯೆತ್ತಿದರು. ಅದರ 56 ಮಿಲಿಮೀಟರಿನ ಸಿಲಿಂಡರುಗಳ ಮೇಲೆ ತೆರಿಗೆ ಎಂಟೇ ಪೌಂಡು. ಫೋರ್ಡ್ ಕಂಪನಿಯೂ ಕೊನೆಗೆ ಪಾಠ ಕಲಿತು, 1932ರಲ್ಲಿ ಇಂಗ್ಲೆಂಡಿಗೆಂದೇ ಎಂಟು ಕುದುರೆಯ ವೈ ಮಾದರಿಯನ್ನು ತಂದಿತು. ಅದರ ವ್ಯಾಸ 56.6, ಓಟ 92.5 ಮಿಲಿಮೀಟರು. ಅಗಲಕ್ಕಿಂತ ಉದ್ದ ಒಂದೂವರೆ ಪಟ್ಟಿಗೂ ಹೆಚ್ಚು!

ಉದ್ದ ಓಟದ ಗುಣ ದೋಷ

ಹೀಗೆ ಇಂಗ್ಲೆಂಡಿನ ಎಂಜಿನ್ನುಗಳೆಲ್ಲ ಬಿದಿರಿನಂತೆ ಸಣಕಲಾಗಿ ಉದ್ದಕ್ಕೆ ಬೆಳೆದುವು. ಇದರಿಂದ ಎಳೆತ ಹೆಚ್ಚಿತೇ? ಹೆಚ್ಚಿತು. ಆದರೆ ಕಾರಣವನ್ನು ಸರಿಯಾಗಿ ತಿಳಿಯಬೇಕು. ಪಿಸ್ಟನ್ನಿನ ಓಟ ಉದ್ದವಾದರೆ ಕ್ರ್ಯಾಂಕಿನ ತೋಳು ಉದ್ದವಾಗುತ್ತದೆ, ಪಾನಾ ಉದ್ದವಾದಂತೆ ಬಲ ಹೆಚ್ಚುತ್ತದೆ ಎಂದು ಅನೇಕರು ಹೇಳುವರು. ಇದು ಅರ್ಧ ಸತ್ಯ. ಎಂಜಿನ್ನಿನ ಒಟ್ಟು ಗಾತ್ರ ಅಷ್ಟೇ ಇದ್ದರೆ, ತೋಳು ಉದ್ದವಾದ ಮಟ್ಟಿಗೆ ಪಿಸ್ಟನ್ನಿನ ತಲೆ ಕಿರಿದಾಗಿ ಅದನ್ನು ಒತ್ತುವ ಬಲ ಕಡಿಮೆಯಾಗುತ್ತದೆ. ಲಾಭ ನಷ್ಟ ಸಮವಾಗುತ್ತದೆ. ತಿರುಗುಬಲ ಬರುವುದು ಮುಖ್ಯವಾಗಿ ಗಾತ್ರದಿಂದ, ಅಂದರೆ ಒಂದು ಉಸಿರಿಗೆ ಎಂಜಿನ್ ಎಷ್ಟು ಗಾಳಿ, ಪೆಟ್ರೋಲು ಸೇದಿ ಉರಿಸುವುದೆಂಬುದರಿಂದ.

ಇಲ್ಲಿಯೇ ತೆರಿಗೆಯ ಚಮತ್ಕಾರವಿರುವುದು. ಎರಡೂವರೆ ಅಂಗುಲ ವ್ಯಾಸದ ನಾಲ್ಕು ಸಿಲಿಂಡರುಗಳನ್ನು ತೆಗೆದುಕೊಳ್ಳಿ. ಸೂತ್ರದಂತೆ ಸರಿಯಾಗಿ ಹತ್ತು ಕುದುರೆ. ಓಟವನ್ನು 3 ಅಂಗುಲವಿಟ್ಟರೆ ಎಂಜಿನ್ನಿನ ಗಾತ್ರ ಸುಮಾರು 965 ಘನ ಸೆಂಟಿಮೀಟರು. ಓಟವನ್ನು 90 ಮಿಲಿಮೀಟರಿಗೆ, ಅಂದರೆ ಮೂರೂವರೆ ಅಂಗುಲಕ್ಕೆ, ಏರಿಸಿದರೆ ಗಾತ್ರ 1,140. ತೆರಿಗೆ ಮಾತ್ರ ಅದೇ ಹತ್ತು ಪೌಂಡು. ನೂರಕ್ಕೆ ಹದಿನೆಂಟರಷ್ಟು ಗಾತ್ರ, ಹೆಚ್ಚು ಕಡಿಮೆ ಅಷ್ಟೇ ಎಳೆತ, ಪುಕ್ಕಟೆಯಾಗಿ ಸಿಕ್ಕಿತು. ಯಾವ ವ್ಯಾಪಾರಿ ಬಿಟ್ಟಾನು?

ಇನ್ನೊಂದು ಕಡೆಯಿಂದಲೂ ಇದು ಕಡಿಮೆ ಸುತ್ತಿನ ಬಲವನ್ನೇ ಪೋಷಿಸಿತು. ಸಿಲಿಂಡರಿನ ಬಾಯಿ ಕಿರಿದಾದರೆ ಗಾಳಿ ಬಂದುಹೋಗುವ ವಾಲ್ವುಗಳೂ ಕಿರಿದು. ನಿಧಾನವಾಗಿ ಉಸಿರಾಡುವಾಗ ಅದು ತೊಡಕಾಗುವುದಿಲ್ಲ. ವೇಗ ಹೆಚ್ಚಿದಾಗ ಉಸಿರು ಕಟ್ಟುತ್ತದೆ. ಅಲ್ಲದೆ ಉದ್ದ ದಾರಿ ಓಡುವ ಪಿಸ್ಟನ್ನು ಹೆಚ್ಚು ಸುತ್ತಿನಲ್ಲಿ ಬಹಳ ಬಿರುಸಾಗಿ ಓಡಬೇಕಾಗುತ್ತದೆ. 90 ಮಿಲಿಮೀಟರಿನ ಓಟಕ್ಕೆ 4,000 ಸುತ್ತೆಂದರೆ ನಿಮಿಷಕ್ಕೆ 720 ಮೀಟರು, ಎಂದರೆ 2,360 ಅಡಿ. ಆದುದರಿಂದ ಎಂಜಿನಿಯರರು ಇಂಥ ಎಂಜಿನ್ನುಗಳನ್ನು ಕೆಳಗಿನ ಸುತ್ತಿನಲ್ಲಿ ಚೆನ್ನಾಗಿ ಎಳೆಯುವಂತೆಯೇ ಹದಗೊಳಿಸಿದರು. ಇಂಗ್ಲೆಂಡಿನ ಅಂಕುಡೊಂಕಿನ ಓಣಿಗಳಿಗೂ, ಗೇರಿಗೆ ಹೆದರುವ ಹೊಸ ಚಾಲಕರಿಗೂ ಅದು ಒಪ್ಪಿತು.

ಒಪ್ಪದಿದ್ದುದು ಹೊರನಾಡುಗಳಿಗೆ. ಎರಡನೆಯ ಮಹಾಯುದ್ಧದ ಅನಂತರ ಸಾಲದಲ್ಲಿ ಮುಳುಗಿದ ಬ್ರಿಟನ್ನಿಗೆ ಕಾರುಗಳನ್ನು ಪರದೇಶಕ್ಕೆ ಮಾರಿ ಡಾಲರು ಗಳಿಸುವ ಅಗತ್ಯವಿತ್ತು. ಆದರೆ ಅಮೆರಿಕ, ಆಸ್ಟ್ರೇಲಿಯಗಳ ನೂರಾರು ಮೈಲಿಯ ನೇರ ದಾರಿಗಳಲ್ಲಿ ದಿನವಿಡೀ ವೇಗವಾಗಿ ಓಡುವುದು ಈ ಸಣಕಲು ಎಂಜಿನ್ನುಗಳ ಜಾಯಮಾನವಲ್ಲ. ನಮ್ಮ ತೆರಿಗೆಯೇ ನಮ್ಮ ರಫ್ತಿಗೆ ಅಡ್ಡಿಯಾಗಿದೆಯೆಂದು ತಯಾರಕರು ಮೊರೆಯಿಟ್ಟರು. ಸರ್ಕಾರ 1947ರಲ್ಲಿ ಹೊಸ ಗಾಡಿಗಳಿಗೆ ವ್ಯಾಸದ ಬದಲು ಗಾತ್ರವನ್ನು ಅಳೆಯಲಾರಂಭಿಸಿತು. ಮರುವರ್ಷ ಅದನ್ನೂ ಬಿಟ್ಟು, ಹೊಸ ಕಾರು ಚಿಕ್ಕದಿರಲಿ ದೊಡ್ಡದಿರಲಿ ವರ್ಷಕ್ಕೆ 10 ಪೌಂಡೆಂದು ಗೊತ್ತುಮಾಡಿತು. ಸೂತ್ರದ ಆಯುಷ್ಯ ಸುಮಾರು 38 ವರ್ಷಕ್ಕೆ ಮುಗಿಯಿತು.

ನಮ್ಮ ನಾಡಿಗೆ ಬಂದ ಆಸ್ತಿ

ಸೂತ್ರ ಸತ್ತರೂ ಅದರ ಸಂತಾನ ಉಳಿಯಿತು, ಅದರಲ್ಲೊಂದು ಕವಲು ನಮ್ಮಲ್ಲಿಗೆ ಬಂದಿತು. ಬರುವ ಅಗತ್ಯವೇನಿತ್ತೆಂದು ಕೇಳಬಹುದು. 1930ರ ದಶಕದಲ್ಲಿಯೇ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಅಮೆರಿಕ, ಯುರೋಪುಗಳ ಕಾರ್ಖಾನೆಗಳನ್ನು ಕಂಡು ಬಂದು ಭಾರತದಲ್ಲಿ ಮೋಟಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದ್ದರು. ಅಂದಿನ ಪರಕೀಯ ಸರ್ಕಾರದ ಬೆಂಬಲ ದೊರೆಯಲಿಲ್ಲ. ಅದೇ ಕನಸು ಹೊತ್ತ ವಾಲ್‌ಚಂದ್ ಹೀರಾಚಂದರು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಕಟ್ಟಿದರು. ಮೋಟಾರಿಗಾಗಿ ಪ್ರೀಮಿಯರ್ ಕಂಪನಿಯನ್ನು ಸ್ಥಾಪಿಸಿದ್ದು 1944ರಲ್ಲಿ. ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಹುಟ್ಟಿ, 1948ರಲ್ಲಿ ಬಂಗಾಳದ ಉತ್ತರಪಾರಾಕ್ಕೆ ಹೋಯಿತು. ಸ್ವಂತ ನಕ್ಷೆ ಮಾಡಲು ವೇಳೆಯಿಲ್ಲದ ಆ ಕಾಲದಲ್ಲಿ ಅದು ಮಾರಿಸ್ ಕಂಪನಿಯ ನಕ್ಷೆಗಳನ್ನೇ ತಂದುಕೊಂಡಿತು.

ಅದರ ಮೊದಲ ಕಾರುಗಳಲ್ಲೊಂದು ಹಿಂದೂಸ್ತಾನ್ ಟೆನ್. ಮಾರಿಸ್ ಟೆನ್ ಗಾಡಿಯದೇ ಪಡಿಯಚ್ಚು. ಸಿಲಿಂಡರಿನ ವ್ಯಾಸ 63.5 ಮಿಲಿಮೀಟರು, ಓಟ 90. ನಾನು ಮೇಲೆ ಉದಾಹರಣೆಗೆ ಕೊಟ್ಟ ಹತ್ತು ಕುದುರೆಯ ಲೆಕ್ಕ ಇದೇ ಎಂಜಿನ್ನಿನದು. ಇಂಗ್ಲೆಂಡಿನ ಬೊಕ್ಕಸಕ್ಕಾಗಿ ಹಾಕಿದ ಲೆಕ್ಕ, ಆ ಬೊಕ್ಕಸಕ್ಕೆ ಕಾಸೂ ಕೊಡದ ನಮ್ಮ ದೇಶದ ಕಾರಿಗೆ ಹೆಸರಾಗಿ ಕುಳಿತಿತ್ತು!

1950ರ ದಶಕದ ಕೊನೆಗೆ ಅಂಬಾಸಿಡರ್ ಬಂದಿತು. ಮೊದಲ ಕೆಲವು ವರ್ಷಗಳ ಮೇಲೆ ಅದಕ್ಕೆ ಕೂಡಿಸಿದ 1,489 ಘನ ಸೆಂಟಿಮೀಟರಿನ ಎಂಜಿನ್ 1947ರ ಆಸ್ಟಿನ್ ಎ40 ಗಾಡಿಯ ಎಂಜಿನ್ನಿನ ವಂಶದ್ದು. ಅದು ರೂಪುಗೊಂಡದ್ದು ತೆರಿಗೆ ಇನ್ನೂ ಜೀವಂತವಿದ್ದ ದಿನಗಳಲ್ಲಿ. ಅದರ ವ್ಯಾಸ 65.5, ಓಟ 89 ಮಿಲಿಮೀಟರು. ತೆರಿಗೆ ಹೋದ ಮೇಲೆ ವ್ಯಾಸವನ್ನು 73ಕ್ಕೆ ಅಗಲಿಸಿದರು. ಓಟ ಮಾತ್ರ ಅದೇ 89 ಉಳಿಯಿತು. ನನ್ನ ಮಾವ ಅರಬೈಲ ಘಾಟಿನಲ್ಲಿ ಏಳೆಂಟು ಜನರನ್ನೂ ಮೇಲೆ ಹಾಸಿಗೆ ಟ್ರಂಕುಗಳನ್ನೂ ಹೇರಿಕೊಂಡು, ಸ್ಟಿಯರಿಂಗಿನ ಬದಿಯ ಗೇರುಕೋಲನ್ನು ಆದಷ್ಟು ಮುಟ್ಟದೆ ಏರುತ್ತಿದ್ದುದು ಈ ಉದ್ದ ಓಟದ ಎಂಜಿನ್ನಿನ ಬಲದಿಂದ. ಅವರು "ಎತ್ತು" ಎಂದು ಕರೆದದ್ದು ಇದನ್ನೇ. ವೇಗ ಕೇಳಿದರೆ ಅದು ಕೊಡುತ್ತಿರಲಿಲ್ಲ. ನಮ್ಮ ಅಂದಿನ ರಸ್ತೆಗಳು ಕೇಳುತ್ತಲೂ ಇರಲಿಲ್ಲ. ಹೀಗೆ ಪರದೇಶದ ತೆರಿಗೆಯಿಂದಾದ ಒಂದು ಕೊರತೆ ನಮ್ಮ ಘಾಟುಗಳಲ್ಲಿ ಗುಣವಾಗಿ ಬಾಳಿತು. 2014ರಲ್ಲಿ ಅಂಬಾಸಿಡರಿನ ತಯಾರಿಕೆ ನಿಂತಿತು.

ಅಳತೆಗೋಲು ಮತ್ತೊಮ್ಮೆ

ಇಷ್ಟಕ್ಕೆ ಕಥೆ ಮುಗಿಯಿತೆಂದು ನಾನು ತಿಳಿದಿದ್ದೆ. ಆದರೆ ನನ್ನ ಕಾರಿನ ಕಾಗದಪತ್ರ ತೆಗೆದು ನೋಡಿದಾಗ ಆ ಹಳೆಯ ನೆರಳು ಅಲ್ಲಿಯೂ ಕಂಡಿತು. 2006ರ ಮುಂಗಡಪತ್ರದಲ್ಲಿ ನಮ್ಮ ಸರ್ಕಾರ ಚಿಕ್ಕ ಕಾರುಗಳ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿತು. ಚಿಕ್ಕ ಕಾರೆಂದರೆ ನಾಲ್ಕು ಮೀಟರಿನೊಳಗಿನ ಉದ್ದ. ಪೆಟ್ರೋಲಾದರೆ 1,200, ಡೀಸೆಲಾದರೆ 1,500 ಘನ ಸೆಂಟಿಮೀಟರಿನೊಳಗಿನ ಎಂಜಿನ್. ಅಂದಿನಿಂದ ಹಿಂಬದಿ ಕತ್ತರಿಸಿದಂಥ ಕಾರುಗಳು ರಸ್ತೆಗೆ ಬಂದುವು. ಪೆಟ್ರೋಲ್ ಎಂಜಿನ್ನುಗಳು 1,200ಕ್ಕೆ ಕೂದಲೆಳೆಯಷ್ಟು ಕೆಳಗೆ ಬಂದು ನಿಂತುವು. ನನ್ನ ಕಾರಿನದೂ ಅದೇ ಅಳತೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಗಿ ಇಂಥ ಕಾರಿಗೆ ನೂರಕ್ಕೆ 18, ದೊಡ್ಡ ಕಾರಿಗೆ 40 ಆದಾಗಲೂ ಗಡಿ ಕಲ್ಲು ನೆಟ್ಟ ಜಾಗ ಅದೇ. ಘಾಟಿನಲ್ಲಿ ನನ್ನ ಮಾನ ಕಳೆದದ್ದರಲ್ಲಿ ನನ್ನ ಅಜ್ಞಾನದ ಪಾಲು ಒಂದಾದರೆ, ಈ ಗಡಿ ಕಲ್ಲಿನ ಪಾಲೂ ಒಂದು.

ಈ ಸಲದ ಅಳತೆಯಲ್ಲಿ ಒಂದು ಜಾಣತನವಿದೆ. ಅಗಲವನ್ನಲ್ಲ, ಪೂರ್ತಿ ಗಾತ್ರವನ್ನೇ ಅಳೆಯುವುದರಿಂದ ಓಟವನ್ನು ಉದ್ದ ಮಾಡಿ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಅಳೆಯದೆ ಬಿಟ್ಟದ್ದು ಇನ್ನೊಂದಿದೆ: ಆ ಗಾತ್ರದೊಳಗೆ ತುಂಬುವ ಗಾಳಿಯ ಒತ್ತಡ. ಹೊರಹೋಗುವ ಹೊಗೆಯ ಬಲದಿಂದ ಒಂದು ಗಾಳಿಯಂತ್ರವನ್ನು ತಿರುಗಿಸಿ, ಚಿಕ್ಕ ಸಿಲಿಂಡರಿನಲ್ಲಿ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಈಗ ಚಿಕ್ಕ ಕಾರುಗಳಿಗೂ ಬಂದಿದೆ. ಇಂಧನದ ಉಳಿತಾಯವೂ ಇದಕ್ಕೆ ಕಾರಣವೆನ್ನಿ. 2013ರಲ್ಲಿ ಅದೇ ಫೋರ್ಡ್ ಕಂಪನಿ ಚೆನ್ನೈಯಲ್ಲಿ ತಯಾರಿಸಿದ ಇಕೋಸ್ಪೋರ್ಟ್ ಕಾರಿನ ಒಂದು ಎಂಜಿನ್ 999 ಘನ ಸೆಂಟಿಮೀಟರಿನದು. ಅದರ ತಿರುಗುಬಲ 1,400 ಸುತ್ತಿನಿಂದಲೇ 170 ನ್ಯೂಟನ್-ಮೀಟರು. ಹಳೆಯ ಟಿ ಗಾಡಿಯ 83 ಅಡಿ-ಪೌಂಡನ್ನು ಇದೇ ಮಾನದಲ್ಲಿ ಹೇಳಿದರೆ 112. ಮೂರನೆಯ ಒಂದರಷ್ಟು ಗಾತ್ರದಿಂದ ಒಂದೂವರೆಪಟ್ಟು ಎಳೆತ! ಆ ಕಂಪನಿ ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸಲು 2021ರಲ್ಲಿ ನಿರ್ಧರಿಸಿತಾದರೂ ಈ ಬಗೆಯ ಎಂಜಿನ್ನುಗಳನ್ನು ಬೇರೆಯವರು ಮುಂದುವರಿಸಿದ್ದಾರೆ. ವಿದ್ಯುತ್ ಕಾರುಗಳಂತೂ ಚಕ್ರ ಮೊದಲ ಸಲ ತಿರುಗುವ ಹೊತ್ತಿಗೇ ಪೂರ್ತಿ ಎಳೆತ ಕೊಡುತ್ತವೆ. ಅವಕ್ಕೆ ಗೇರು ಬದಲಿಸುವ ಗೋಜೇ ಇಲ್ಲ.

ಈ ಚರಿತ್ರೆಯಿಂದ ನಾನು ಕಲಿತದ್ದು ಸಣ್ಣದು, ಆದರೆ ನನ್ನ ಕೆಲಸಕ್ಕೆ ಹತ್ತಿರದ್ದು. ಎಣಿಸುವುದಕ್ಕೆ ಸುಲಭವೆಂದು ಯಾವುದನ್ನು ಅಳೆಯಲು ತೊಡಗುತ್ತೇವೆಯೋ, ಜನ ಅದಕ್ಕೆ ತಕ್ಕಂತೆ ತಮ್ಮನ್ನು ಕಡೆದುಕೊಳ್ಳುತ್ತಾರೆ. ಅಳೆಯದೆ ಬಿಟ್ಟದ್ದು ಒಮ್ಮೆ ಗುಣವಾಗಿ, ಒಮ್ಮೆ ದೋಷವಾಗಿ ಬೇರೆ ಕಡೆಯಿಂದ ತಲೆಯೆತ್ತುತ್ತದೆ. ಇಂಗ್ಲೆಂಡಿನ ತೆರಿಗೆಯ ಅಧಿಕಾರಿಗಳು ಕುದುರೆಗಳನ್ನು ಎಣಿಸುತ್ತಿದ್ದೇವೆಂದು 38 ವರ್ಷ ನಂಬಿದ್ದರು. ಅವರು ಎಣಿಸಿದ್ದು ಸಿಲಿಂಡರಿನ ಬಾಯಿಯನ್ನು. ನಮ್ಮ ಕೌಂಟರಿನಲ್ಲಿಯೂ ದಿನಕ್ಕೆಷ್ಟು ವೋಚರು, ತಿಂಗಳಿಗೆಷ್ಟು ಖಾತೆಯೆಂದು ಎಣಿಸುವವರುಂಟು. ಓದುಬರಹ ಬಾರದ ಮುದುಕಿಯೊಬ್ಬಳಿಗೆ ಪಿಂಚಣಿಯ ಚೀಟಿ ಬರೆದುಕೊಡಲು ಹಿಡಿದ ಅರ್ಧ ತಾಸು ಆ ಪಟ್ಟಿಯಲ್ಲಿ ಬರುವುದಿಲ್ಲ. ಅದೂ ಕಡಿಮೆ ಸುತ್ತಿನ ಎಳೆತವೇ.

ಮೊನ್ನೆ ಊರಿಗೆ ಹೋದಾಗ ಮಾವನಿಗೆ ಈ ಕಥೆಯನ್ನೆಲ್ಲ ಹೇಳಿದೆ. ವ್ಯಾಸ, ಓಟ, ಪೌಂಡು, ಸೂತ್ರ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಕೊನೆಗೆ ಒಂದೇ ಮಾತು ಹೇಳಿದರು: "ಅದೆಲ್ಲಾ ಖರೇನಪಾ. ಆದ್ರ ಏರು ಬರೂಕಿಂತ ಮೊದಲ ಗೇರ್ ಇಳಸೂದು ಕಲತೀಯೋ ಇಲ್ಲೊ?"

ಕಲಿತಿದ್ದೇನೆ.